ಕಾಳಿಲ್ಲದ ಸೂರು

ಬಾಲ ಕಾಣುತ್ತಿದೆ, ಬುಟ್ಟಿ ಕವುಚಿ ಹಾಕಿದರೂ ಬಾಲ ಹೊರಗೇ ಉಳಿದಿದೆ, ಕಾಲಿನಿಂದ ಒಳಗೆ ತಳ್ಳಲೂ ಮನಸ್ಸಾಗುತ್ತಿಲ್ಲ — ಸೂರಿನಿಂದಲೇ ಬಿತ್ತು, ನನ್ನ ಕಣ್ಣೆದುರಿಗೇ, ನೀರಿನ ಕೊಡದ ಪಕ್ಕಕ್ಕೆ ಬಿದ್ದು ಗಿರಗಿರ ತಿರುಗಿ ಸತ್ತಿತು, ಇಲಿ, ಇಲ್ಲಿಗೂ ಬಂತಲ್ಲ ಶಿವನೇ, ಕಲಬುರ್ಗಿ ಬಿಟ್ಟು ಕಮಲಾಪುರದ ಹೊಲಕ್ಕೆ ಓಡಿಬಂದರೂ ಬೆನ್ನು ಬಿಡಲಿಲ್ಲವಲ್ಲ. ಇನ್ನೂ ಯಾರೂ ನೋಡಿಲ್ಲ, ಹೆಂಗಸರು ಹೊರಗೆ ಒಲೆ ಹಚ್ಚುತ್ತಿದ್ದಾರೆ, ಒದ್ದೆ ಸೌದೆಯ ಹೊಗೆ ಬಾಗಿಲಲ್ಲಿ ನುಗ್ಗಿ ಕಣ್ಣು ಉರಿಯುತ್ತಿದೆ, ಆ ಮೂಲೆಯಲ್ಲಿ ಮಗಳು ಲಲಿತಾ, ಹಸಿ ಬಾಣಂತಿ, ಪಕ್ಕದಲ್ಲಿ ತೊಟ್ಟಿಲು. ಹೇಳಿದರೆ ಈ ಮಳೆಯಲ್ಲಿ ಎಲ್ಲರೂ ಮತ್ತೆ ಬಯಲಿಗೆ, ಬಾಣಂತಿ ಕೂಡ, ಹೇಳದಿದ್ದರೆ — ಹೇಳದಿದ್ದರೆ ಏನಾಗುತ್ತದೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಗುಂಡಮ್ಮಾ, ನಿನ್ನ ಗಂಡನನ್ನು ಹೊರಲು ಆ ಓಣಿಯಲ್ಲಿ ನಾಲ್ಕು ಹೆಗಲು ಸಿಗಲಿಲ್ಲ.

ಅಲ್ಲಿಯೂ ಮೊದಲನೆಯದು ಬಿದ್ದದ್ದು ಜೋಳದ ಚೀಲದ ಹಿಂದೆ, ಅವರೇ ಬಾಲ ಹಿಡಿದು ತಿಪ್ಪೆಗೆ ಎಸೆದರು, ಕೈ ತೊಳೆದು ಊಟಕ್ಕೆ ಕೂತರು, ಆಮೇಲೆ ಬಗಲಲ್ಲಿ ಗಂಟು, ಮೈಯೆಲ್ಲ ಬೆಂಕಿ, ಮುಗಿಯಿತು. ಸರ್ಕಾರದ ಜವಾನ ಡಂಗುರ ಹೊಡೆಯುತ್ತ ಬಂದ, ಪಿಲೇಗು ಬಂದದ, ಮನಿ ಖಾಲಿ ಮಾಡ್ರಿ, ಊರ ಹೊರಗ ಹೋಗ್ರಿ, ಹೊರಗೆ ಅಂದರೆ ಎಲ್ಲಿಗೆ ಅಂತ ಅವನೂ ಹೇಳಲಿಲ್ಲ, ಅವನನ್ನು ಕಳಿಸಿದ ನಿಜಾಮನೂ ಹೇಳಲಿಲ್ಲ, ಇದ್ದದ್ದು ನನ್ನ ತವರಿನ ಈ ಹೊಲ, ಇಡೀ ಓಣಿ ನನ್ನ ಬೆನ್ನ ಹಿಂದೆ ಬಂತು. ಮನೆಗೊಂದು ಗುಡಿಸಲು ಹಾಕಿದರು, ಮೊದಲ ಮಳೆಗೇ ಕುಸಿದವು, ಮಕ್ಕಳು ರಾತ್ರಿಯೆಲ್ಲ ಕೆಸರಲ್ಲಿ ಅತ್ತವು, ಆಗ ನಾನೇ ಅಂದೆ, ಮನಿಗೊಂದು ಗುಡಸಲಾ ಬ್ಯಾಡ್ರಿ, ಎಲ್ಲಾರಿಗೂ ಕೂಡಿ ಒಂದೇ ದೊಡ್ಡದು ಕಟ್ಟೋಣ, ನಮ್ಮಪ್ಪ ಮನೆಗಳಿಗೆ ಮಣ್ಣಿನ ಮಾಳಿಗೆ ಹಾಕುತ್ತಿದ್ದವನು, ಅವನ ಬುತ್ತಿ ಒಯ್ಯುತ್ತ ನೋಡಿದ್ದೆಲ್ಲ ಕಣ್ಣಲ್ಲಿತ್ತು. ಕೋಲಿನಿಂದ ನೆಲದ ಮೇಲೆ ಗೆರೆ ಎಳೆದೆ, ಮಳೆಗಾಳಿ ಬೀಸುವ ಕಡೆ ಬಾಗಿಲು ಬೇಡ, ಬಾಣಂತಿಯರಿಗೆ ಬೆಚ್ಚಗಿನ ಮೂಲೆ, ನಡುವೆ ಗಾಳಿ ಆಡಲು ಬೆಳಕಿಂಡಿ, ಮೋಮಿನಪುರದ ಬಡಿಗ ಕರೀಂಸಾಬ್ ಸೊಂಟದ ಮೇಲೆ ಕೈಯಿಟ್ಟು ನಕ್ಕ, ಅಕ್ಕಾ, ಮನಿ ಕಟ್ಟಾಕತ್ತೀರೋ ರಂಗೋಲಿ ಹಾಕಾಕತ್ತೀರೋ, ನಗಪ್ಪಾ ನಗು, ನಾಳಿಗಿ ತೊಲಿ ಹೊರೋದು ನೀನೇ, ಅಂದೆ. ಎರೆಮಣ್ಣು ಬಿರಿಯುತ್ತದೆ, ಅದಕ್ಕೆ ಇಲ್ಲಿಯ ಕೆಂಪು ಮಣ್ಣು, ತುಳಿದು ಕೊಳೆಹಾಕಿ ಎಬ್ಬಿಸಿದ ದಪ್ಪ ಗೋಡೆ, ಬೇವಿನ ತೊಲೆ, ತೊಲೆಯ ಮೇಲೆ ಜೋಳದ ಒಣ ದಂಟು, ಕಣಿಕೆಯ ಹೊರೆ, ಅದರ ಮೇಲೆ ನೀರು ಇಳಿಯಗೊಡದ ಕರಲು ಮಣ್ಣು — ಕೊಂಡು ತಂದದ್ದು ಏನೂ ಇಲ್ಲ, ಎಷ್ಟು ತಂಪಾಗಿತ್ತು, ಎಷ್ಟು ಚಂದ ಇತ್ತು, ಒಳಗೆ ಕಾಲಿಟ್ಟ ದಿನ ನನಗೆ ಅಳುವೇ ಬಂತು.

ಒಂದೇ ಒಂದು ಮಾತು ಕೇಳಿಕೊಂಡಿದ್ದೆ, ಕಾಳು ಒಳಗೆ ಬರಕೂಡದು, ಜೋಳ ಹೊರಗೆ ನೆಲ ಅಗೆದ ಹಗೇವಿನಲ್ಲಿ, ಒಲೆ ಹೊರಗೆ, ಊಟ ಹೊರಗೆ, ಕಣಿಕೆಯನ್ನು ಕೂಡ ಒಂದೊಂದೇ ಜಾಡಿಸಿ ಮೇಲೆ ಹಾಕಿಸಿದ್ದು. ಹೊಸ ಸೂರಿಗೆ ಮನೆಗೊಂದು ತೆನೆ ಸಿಕ್ಕಿಸಬೇಕಲ್ಲ, ಅದೂ ಬೇಡ ಅಂದೆ, ಅದಕ್ಕೇ ನಮ್ಮ ಓಣಿಯ ಶಿವಕಾಂತಮ್ಮ ಮೈಮೇಲೆ ಬಂದವಳ ಹಾಗೆ ಕುಣಿದಳು, ಏನಬೇ ಗುಂಡಮ್ಮಾ, ತೆನಿ ಇಲ್ಲದ ಮನಿಗಿ ಹಸಿವು ಹೊಕ್ಕೋತದ, ನಮ್ಮ ಹಿರ್ಯಾರೇನು ಹುಚ್ಚರಾ, ನಾನೂ ಬಿಡಲಿಲ್ಲ, ಹಸಿವು ಹೊಕ್ಕರ ಉಪವಾಸ ಮಲಗಿ ಮುಂಜಾನಿ ಏಳತೀವಿ, ಇಲಿ ಹೊಕ್ಕರ ಏಳಂಗಿಲ್ಲ, ಅಂದೆ. ಅವತ್ತಿನಿಂದ ಮಾತು ಬಿಟ್ಟಳು, ನನ್ನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನವೂ ಬಂದು ದೂರ ಕೂತು ಎದ್ದುಹೋದಳು.

ಹೇಳಲೇಬೇಕು, ಬಾಲ ಹಾಗೇ ಇದೆ, ಕರೀಂಸಾಬನನ್ನು ಕೂಗಿದೆ, ಬುಟ್ಟಿ ಎತ್ತಿ ತೋರಿಸಿದೆ, ಯಾ ಅಲ್ಲಾ, ಅಂದ, ಅಷ್ಟೇ, ಏಣಿ ತಂದು ಕೊಡದ ನೇರಕ್ಕೆ ಸೂರಿನ ಕಣಿಕೆಯೊಳಗೆ ಕೋಲು ಆಡಿಸಿದ, ಹಿಕ್ಕೆ ಉದುರಿದವು, ಅದರ ಜೊತೆಗೆ ಹೊಟ್ಟು, ಜೋಳದ ಕಾಳಿನ ಹೊಟ್ಟು, ಅಕ್ಕಾ, ಒಳಗ ಎಲ್ಲೋ ಯಾರೋ ತೆನಿ ಇಟ್ಟಾರ್ರೀ, ಇಲಿ ಇಲ್ಲಿಗಿ ತಂದು ತಿಂದಾವ. ನನ್ನ ಮೈ ಉರಿದುಹೋಯಿತು, ಒಲೆ ಬಿಟ್ಟು ಓಡಿಬಂದು ನಿಂತ ಹೆಂಗಸರ ಮುಂದೆ ಎದೆ ಬಡಿದುಕೊಂಡು ಕೂಗಿದೆ, ಯಾವಾಕಿ ಇಟ್ಟಾಳ, ನಮ್ಮನ್ನೆಲ್ಲ ಕೊಂದಾಕಿ ಯಾವಾಕಿ, ಆಕಿ ತೊಟ್ಟಲಾ ಬರಿದಾಗ್ಲಿ! ಎಲ್ಲರ ಕಣ್ಣೂ ಶಿವಕಾಂತಮ್ಮನ ಮೇಲೆ, ನನ್ನವೂ, ಅವಳು ನೆಲಕ್ಕೆ ಕೂತಳು, ನನ್ನ ಮಕ್ಕಳ ಆಣಿ, ನಾ ಇಟ್ಟಿಲ್ಲ, ಗುಂಡಮ್ಮಾ, ನಾ ಇಟ್ಟಿಲ್ಲಬೇ, ನಾನು ನಂಬಲಿಲ್ಲ, ಅಳು, ಎಷ್ಟು ಬೇಕೋ ಅಳು, ಅಂದುಕೊಂಡೆ. ಸೂರು ಬಿಚ್ಚಬೇಕು, ಎಲ್ಲರೂ ಹೊರಗೆ, ಹುಣಸೆ ಮರದ ಕೆಳಗೆ ಹೋಗ್ರಿ, ಹಾಸಿಗೆ ಮುಟ್ಟಬ್ಯಾಡ್ರಿ, ಅಂದೆ, ಹೋದರು, ಮಳೆಗೆ ಗೋಣಿಚೀಲ ತಲೆಮೇಲೆ ಹಾಕಿಕೊಂಡು ಬೈಯುತ್ತ ಅಳುತ್ತ ಹೋದರು, ಕರೀಂಸಾಬ್ ಮೇಲೆ ಹತ್ತಿ ಮಣ್ಣು ಕೆದರಿ ಕಣಿಕೆ ಕಿತ್ತು ಕಿತ್ತು ಎಸೆದ, ನಾನು ಕೂಡಿಸಿದ್ದನ್ನೆಲ್ಲ, ನೋಡುನೋಡುತ್ತ ಗೋಡೆಯ ಮೇಲೆ ಮಳೆನೀರು ಕೆಂಪಗೆ ಇಳಿಯಿತು.

ಲಲಿತಾ ಮಾತ್ರ ಏಳಲಿಲ್ಲ, ಏಳಬೇ ಅಂದರೂ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಕರೀಂಸಾಬ್ ಸೂರಿನ ಮೇಲೆ ಆ ಮೂಲೆಯ ನೇರಕ್ಕೆ ಬಂದು ನಿಂತ, ಒಂದು ಹೊರೆ ಎತ್ತಿದ, ಕೈ ನಿಂತಿತು, ಅಕ್ಕಾ, ನೀವು ಹೊರಗ ಹೋಗ್ರಿ, ಇದೊಂದು ನಾ ನೋಡ್ಕೋತೀನಿ, ಯಾಕ ಹೋಗಲಿ, ಏನದ ಅಲ್ಲಿ — ತಲೆಯೆತ್ತಿ ನೋಡಿದೆ, ತೊಟ್ಟಿಲಿನ ನೇರಕ್ಕೆ, ಕಣಿಕೆಯ ಮರೆಯಲ್ಲಿ ತೊಲೆಗೆ ಕಟ್ಟಿದ ಒಂದು ತೆನೆ, ಕಟ್ಟಿದ್ದು ನನ್ನ ಹಳೆ ಸೀರೆಯ ಚೂರಿನಿಂದ, ಬಾಣಂತಿಗೆ ಹೊಟ್ಟೆ ಕಟ್ಟಿಕೊಳ್ಳಲು ನಾನೇ ಹರಿದುಕೊಟ್ಟ ಸೀರೆ. ಯವ್ವಾ, ಅಂದಳು ಲಲಿತಾ, ಗೋಡೆಗೇ ಅಂದಳು, ನನಗ ಹಾಲು ಬರವಲ್ದು, ಕೂಸು ಹಸಿದು ಅಳತಿತ್ತು, ತೆನಿ ಕಟ್ಟಿದ್ರ ಹಸಿವು ಬರಂಗಿಲ್ಲಂತ ಎಲ್ಲಾರೂ ಅಂತಿದ್ರು, ನಿನಗ ಹೇಳಾಕ ಅಂಜಿದೆ. ನನ್ನ ಕೂಸೇ, ನನಗೇ ಅಂಜಿದಿಯಾ, ನಾನು ಅಂದ ಮಾತು ಕೇಳಿಸಿತಾ ನಿನಗೆ, ಕೇಳಿಸದೇ ಇರುತ್ತದೆಯೇ, ಇಡೀ ಹೊಲಕ್ಕೆ ಕೇಳಿಸುವ ಹಾಗೆ ಕೂಗಿದ್ದೆನಲ್ಲ, ನಾಲಿಗೆ ಸೀಳಿ ಹೋಗಬಾರದಿತ್ತೇ ನನ್ನದು. ಮೊಮ್ಮಗ ಅಳುತ್ತಿಲ್ಲ, ಮಣ್ಣು ಉದುರುತ್ತಿದೆ, ಹನಿ ಬೀಳುತ್ತಿದೆ, ಆದರೂ ಅಳುತ್ತಿಲ್ಲ, ಮಲಗಿರಬೇಕು, ತೊಟ್ಟಿಲಿನ ಅಂಚು ಹಿಡಿದಿದ್ದೇನೆ, ಹಣೆ ಮುಟ್ಟಿ ನೋಡಬೇಕು, ಕೈ ಒಳಗೆ ಹೋಗುತ್ತಿಲ್ಲ, ಕಣ್ಣೂ ಕೆಳಗೆ ಇಳಿಯುತ್ತಿಲ್ಲ, ಮೇಲೇ ನಿಂತಿದೆ, ಆ ತೆನೆ, ಕಾಳೆಲ್ಲ ತಿಂದು ಬರೀ ದಂಟು, ಗಾಳಿಗೆ ಅಲುಗುತ್ತಿದೆ, ನನ್ನ ಸೀರೆಯ ಗಂಟು, ಬರೀ ದಂಟು, ಒಂದು ಕಾಳೂ ಇಲ್ಲ, ಒಂದೂ —