ಮಂಕು ಬೆನ್ನಿನ ಹುಳು

ಹಿತ್ತಿಲು ಒಂದೇ, ನಡುವೆ ಮೊಣಕಾಲೆತ್ತರದ ಬದು. ಈಚೆ ಹಿರಿಸೊಸೆಯ ಬದನೆ, ಆಚೆ ಕಿರಿಸೊಸೆಯ ಅಲಸಂದೆ. ಒಲೆ ಬೇರೆಯಾದ ಮೇಲೆ ಇಬ್ಬರ ನಡುವೆ ಬೇಕಾದಷ್ಟೇ ಮಾತು.

ಬದನೆಯ ತಳಿಯನ್ನು ಹಿರಿಯವಳು ತವರಿನಿಂದ ತಂದಿದ್ದಳು. ತವರಲ್ಲಿ ಈಗ ಅದು ಯಾರ ಬಳಿಯೂ ಇಲ್ಲ. ಬೀಜಕ್ಕೆಂದು ಒಂದೇ ಒಂದು ಕಾಯಿಗೆ ಬಟ್ಟೆ ಕಟ್ಟಿ ಗಿಡದಲ್ಲಿ ಬಿಟ್ಟಿದ್ದಳು. ಅದು ಹಣ್ಣಾಗುವ ಮೊದಲೇ ಎಲೆಗಳು ಜರಡಿಯಾದವು. ಮಗುಚಿ ನೋಡಿದರೆ ಚುಕ್ಕೆಯ ಗುಂಡು ಹುಳು, ಪಕ್ಕದಲ್ಲಿ ಮುಳ್ಳುಮುಳ್ಳಾದ ಹಳದಿ ಮರಿ.

"ಏನೇ, ಬೇಲಿಯ ಗಣಿಕೆ ಗಿಡದಿಂದ ಡಬ್ಬಿ ತುಂಬ ಹಿಡಿದು ತಂದು ನಿನ್ನ ಅಲಸಂದೆಗೆ ಬಿಟ್ಟೆಯಲ್ಲ, ಆ ನಿನ್ನ ನೆಂಟರು ಇಲ್ಲಿ ಊಟಕ್ಕೆ ಕೂತಿದ್ದಾರೆ. ಬಂದು ನೋಡು."

"ಗುಲಗಂಜಿ ಹುಳು ಎಲೆ ತಿನ್ನಲ್ಲ ಅಕ್ಕ, ಗಿಡಕ್ಕೆ ಹತ್ತೋ ಹೇನು ತಿನ್ನುತ್ತೆ. ಕೃಷಿ ತರಬೇತಿಯಲ್ಲಿ ಹೇಳಿದ್ದಾರೆ."

"ಎಲ್ಲವೂನಾ?"

"ಗುಂಡಗಿದ್ದು ಚುಕ್ಕೆ ಇದ್ದರೆ ಎಲ್ಲಾ ಒಂದೇ ಕುಲ. ನನ್ನ ಅಲಸಂದೆ ಚಿಗುರಿದ್ದು ನಿಮ್ಮ ಕಣ್ಣು ಚುಚ್ಚುತ್ತಿದೆ, ಅಷ್ಟೇ."

ಹಿರಿಯವಳು ಎರಡು ಗಾಜಿನ ಜಾಡಿಗಳಲ್ಲಿ ಒಂದೊಂದು ಬದನೆ ಎಲೆ, ಹೇನು ಮುತ್ತಿದ ಒಂದೊಂದು ಅಲಸಂದೆ ಕುಡಿ ಇಟ್ಟಳು. ಒಂದಕ್ಕೆ ತನ್ನ ಗಿಡದ ಹುಳು, ಇನ್ನೊಂದಕ್ಕೆ ಆಚೆ ಬಳ್ಳಿಯದು.

ಮರುದಿನ ಜಾಡಿಗಳನ್ನು ಅತ್ತೆಯ ಮುಂದಿಟ್ಟಳು. ಒಂದರಲ್ಲಿ ಎಲೆ ಜರಡಿ, ಹೇನು ಇದ್ದ ಹಾಗೇ. ಇನ್ನೊಂದರಲ್ಲಿ ಎಲೆ ನೆಟ್ಟಗಿತ್ತು, ಕುಡಿಯಲ್ಲಿ ಹೇನಿರಲಿಲ್ಲ. ಎಲೆ ತಿಂದದ್ದರ ಬೆನ್ನು ಧೂಳು ಕೂತಂತೆ ಮಂಕು, ಮೇಲೆ ನವಿರು ರೋಮ. ಹೇನು ತಿಂದದ್ದು ಎಣ್ಣೆ ಸವರಿದಂತೆ ಫಳಫಳ.

"ಮನೆತನ ಒಂದೇ, ಬುದ್ಧಿ ಬೇರೆ," ಎಂದು ಅತ್ತೆ ಇಬ್ಬರನ್ನೂ ನೋಡಿದಳು.

"ಜಾಡಿಯಲ್ಲಿ ಕೂಡಿ ಹಾಕಿದರೆ ಯಾವುದು ಏನು ಬೇಕಾದರೂ ತಿನ್ನುತ್ತೆ. ಎಲ್ಲಾ ಒಂದೇ," ಎಂದು ಕಿರಿಯವಳು ಮುಖ ತಿರುಗಿಸಿ ಒಳಹೋದಳು.

ಹಿರಿಯವಳು ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿದಳು. ಬದನೆ ಗಿಡಗಳನ್ನು ಒಂದೊಂದಾಗಿ ಬಗ್ಗಿಸಿ ಅದರೊಳಗೆ ಕೊಡವಿದಳು. ಆಮೇಲೆ ಬದು ದಾಟಿ ಅಲಸಂದೆಯನ್ನೂ ಕೊಡವತೊಡಗಿದಳು.

ಕಿರಿಯವಳು ಓಡಿ ಬಂದಳು. "ಅಕ್ಕಾ, ಬಿಡಿ! ಇವು ಮಿಂಚೋವು, ಬೇರೆ! ಹೇನು ತಿನ್ನೋವು! ನಿಮಗೇ ಗೊತ್ತಲ್ಲ!"

"ಗೊತ್ತು," ಎಂದು ಹಿರಿಯವಳು ಮುಂದಿನ ಬಳ್ಳಿಗೆ ಕೈ ಹಾಕಿದಳು.

ಬಕೆಟ್ಟಿನಲ್ಲಿ ಮಂಕು ಬೆನ್ನು, ಫಳಫಳ ಬೆನ್ನು ಒಟ್ಟಿಗೆ ತೇಲಿದವು. ಆ ವಾರವೇ ಅಲಸಂದೆಯ ಕುಡಿಗಳು ಹೇನು ಮುತ್ತಿ ಕಪ್ಪಾದವು. ಈಚೆ, ಎಲೆಯಿಲ್ಲದ ಗಿಡದಲ್ಲಿ ಹಿರಿಯವಳು ಬಟ್ಟೆ ಬಿಚ್ಚಿ ನೋಡಿದಳು. ಕಾಯಿ ಹಣ್ಣಾಗದೆ ಸುಕ್ಕುಗಟ್ಟಿತ್ತು. ಒಳಗಿನ ಬೀಜ ಉಗುರಿಗೆ ಸಿಕ್ಕರೆ ಹಿಟ್ಟಾಗುವಷ್ಟು ಎಳಸು.