ಒಡೆಯುವ ಪಾಠ

ಪಿಂಗಾಣಿ ಅಂಗಡಿಯವನನ್ನು ಅವನ ಭಾವಮೈದ, ಗಾಳಿಯಲ್ಲಿ ಹಾರುವ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವ ಆಟಕ್ಕೆ ಎಳೆದುಕೊಂಡು ಹೋದ. "ಕೋವಿ ನೋಡ್ಬೇಡಿ, ಬಿಲ್ಲೆ ನೋಡಿ. ಅದಕ್ಕಿಂತ ಒಂಚೂರು ಮುಂದೆ ಹೊಡೀರಿ," ಎಂದ ತರಬೇತುದಾರ.

ಯಂತ್ರದಿಂದ ಕಿತ್ತಳೆ ಬಣ್ಣದ ಬಿಲ್ಲೆ ಚಿಮ್ಮಿತು. ಮೂವತ್ತು ವರ್ಷ ಗಿರಾಕಿಗಳ ಕೈಜಾರಿದ ತಟ್ಟೆಗಳನ್ನು ನೆಲ ಮುಟ್ಟುವ ಮೊದಲೇ ಹಿಡಿದವನ ಎಡಗೈ ತಾನಾಗಿಯೇ ಕೋವಿ ಬಿಟ್ಟು ಗಾಳಿಗೆ ಚಾಚಿಕೊಂಡಿತು. ಹತ್ತು ಸಲವೂ ಅದೇ ಕತೆ.

"ಭಾವ, ಅದು ಇರೋದೇ ಒಡೆಯೋಕೆ!" ಭಾವಮೈದ ಹೊಟ್ಟೆ ಹಿಡಿದುಕೊಂಡು ನಕ್ಕ.

ಹನ್ನೊಂದನೆಯದಕ್ಕೆ ಅಂಗಡಿಯವನು ಹಲ್ಲು ಕಚ್ಚಿ, ಎಡಗೈಯಲ್ಲಿ ಕೋವಿಯನ್ನೇ ಬಿಗಿಹಿಡಿದು ಗುಂಡು ಹಾರಿಸಿದ. ಬಿಲ್ಲೆ ನುಚ್ಚುನೂರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವನು ಕೋವಿ ಇಳಿಸಿ, ಅಂಗಡಿಯ ಗಲ್ಲಾದ ಮೇಲೆ ಕೂತವನಂತೆ ಸುತ್ತಲೂ ದುರುಗುಟ್ಟಿ ನೋಡಿ ಗದರಿದ: "ಯಾರ್ರೀ ಅದು ಒಡೆದಿದ್ದು?"