ಕಡಕ್ ರೊಟ್ಟಿಗೆ ಎಷ್ಟು ಪಾಟಾ?

ನಮ್ಮ ಯಜಮಾನರಾದ ಮಲಕಪ್ಪನವರ ಎತ್ತರ ಐದಡಿ ಎರಡಿಂಚು. ಅದಕ್ಕೋ ಏನೋ, ಗಾಡಿ ಮಾತ್ರ ಅವರಿಗೆ ಎತ್ತರದ್ದೇ ಬೇಕು. ನನ್ನ ರೊಟ್ಟಿ ವ್ಯಾಪಾರಕ್ಕೆಂದು ಹಳೆಯ ಪಿಕಪ್ ಕೊಂಡಾಗಿನಿಂದ ಒಂದೇ ಕೊರಗು. ಖಾಲಿ ನಿಂತರೆ ಅದರ ಹಿಂಭಾಗ ಮೇಲೆ, ಮೂತಿ ಕೆಳಗೆ.

"ನೆಲಾ ಮೂಸಿ ನೋಡಿದಂಗ ಕಾಣ್ತದ," ಎನ್ನುತ್ತಿದ್ದರು.

ಸದಾಶಿವ ಪೇಠದ ನಮ್ಮ ಮನೆಯಲ್ಲಿ ನಾನು ಮತ್ತು ನಾಲ್ವರು ಹೆಂಗಸರು ದಿನಾ ಜೋಳದ ಕಡಕ್ ರೊಟ್ಟಿ ಬಡಿಯುತ್ತೇವೆ. ಬಾರಾಮತಿಯ ಮುಕ್ತಾಬಾಯಿ ಮಗಳ ಮದುವೆಗೆ ಸಾವಿರ ರೊಟ್ಟಿ ಹೇಳಿದ್ದರು. ಅಷ್ಟು ದೊಡ್ಡ ಆರ್ಡರ್ ನನಗೆ ಅದೇ ಮೊದಲು. "ಕಾಶವ್ವ, ರೊಟ್ಟಿ ಇಡಿಯಾಗಿರಬೇಕು, ಚೂರಾದರೆ ವಾಪಸ್" ಎಂದು ಫೋನಿನಲ್ಲೇ ಎಚ್ಚರಿಸಿದ್ದರು.

ಮದುವೆಗೆ ವಾರವಿರುವಾಗ ಯಜಮಾನರು ಗಾಡಿಯನ್ನು ದಿಗಂಬರನ ಗ್ಯಾರೇಜಿಗೆ ಒಯ್ದು, ಎದೆಯುಬ್ಬಿಸಿಕೊಂಡು ವಾಪಸ್ ಬಂದರು. ಮುಂದೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಕೂಡಿಸಿ ಮೂತಿ ಎತ್ತಿಸಿದ್ದರು. ಹಿಂದೆ ಭಾರ ಹೊರುವ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಪಾಟಾ ಅನ್ನುತ್ತಾರೆ, ಅಂಥವು ಇನ್ನೆರಡು ಸೇರಿಸಿದ್ದರು. ನನಗೆ ಹತ್ತಲು ಸ್ಟೂಲ್ ಬೇಕಾಯಿತು.

ಮರುದಿನ ಸಾಸವಡದ ಖಾನಾವಳಿಗೆ ಮುನ್ನೂರು ರೊಟ್ಟಿ ಹೊರಟವು. ಗುಂಡಿ ಬಂದಲ್ಲೆಲ್ಲ ಗಾಡಿ ಕುಪ್ಪಳಿಸಿತು. ಅಲ್ಲಿ ಡಬ್ಬಿ ತೆರೆದರೆ ಅರ್ಧಕ್ಕರ್ಧ ಚೂರು. ಮೂರು ದಿನ ಮನೆಯಲ್ಲಿ ಮೂರು ಹೊತ್ತೂ ರೊಟ್ಟಿಚೂರು, ಮೊಸರು, ಶೇಂಗಾ ಚಟ್ನಿ. ಯಜಮಾನರು ಬಡಿಸಿದಷ್ಟೂ ತಿಂದರು.

ನಾಲ್ಕನೆಯ ದಿನ ಅವರನ್ನೂ ಗಾಡಿಯನ್ನೂ ಎಳೆದುಕೊಂಡು ನಾನೇ ಗ್ಯಾರೇಜಿಗೆ ಹೋದೆ. ದಿಗಂಬರ ಅಕ್ಕಲಕೋಟೆ ಕಡೆಯವ, ಕನ್ನಡ ಬಲ್ಲವ.

"ಏನ್ ಹಾಕಿ ಕೊಟ್ಟಿಯೋ ತಮ್ಮಾ? ನನ್ನ ರೊಟ್ಟಿ ಎಲ್ಲಾ ಚೂರಾದ್ವು!"

"ಯಾವ ರೊಟ್ಟಿರೀ ಕಾಕೂ? ಕಾಕಾ ಒಂದೂವರಿ ಟನ್ ಉಳ್ಳಾಗಡ್ಡಿ ಒಯ್ತೇವಿ ಅಂದ್ರು. ಅದಕ್ಕ ಪಾಟಾ ಕೂಡಿಸ್ದೆ. ಭಾರ ಬಿದ್ರಷ್ಟ ಅದು ಬಗ್ಗೂದು, ಇಲ್ಲಾಂದ್ರ ಜಿಗೀತದ."

ನಾನು ಯಜಮಾನರ ಕಡೆ ತಿರುಗಿದೆ. ಅವರು ಟೈರು ನೋಡುತ್ತಿದ್ದರು.

"ಉಳ್ಳಾಗಡ್ಡಿ ಯಾವಾಗ ಒಯ್ದೀರಿ?"

"ಅವತ್ತ ಇಲ್ಲೆ ನಾಲ್ಕು ಮಂದಿ ಡ್ರೈವರ್ ನಿಂತಿದ್ರು," ಎಂದರು ಮೆಲ್ಲಗೆ. "ಅವರ ಮುಂದ ಹೆಂಡ್ತಿ ರೊಟ್ಟಿ ಒಯ್ತೇನಿ ಅಂತ ಹೆಂಗ ಹೇಳಲಿ?"

ಒಡೆದ ರೊಟ್ಟಿಗಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು. ಆ ಗಾಡಿಯನ್ನು ಮನೆಗೆ ತಂದದ್ದೂ ರೊಟ್ಟಿಯೇ. ಅಳು ಬಂತು. ಅದನ್ನು ನುಂಗಿ ದಿಗಂಬರನಿಗೆ ಹೇಳಿದೆ: "ಸಾವಿರ ರೊಟ್ಟಿ ಅಂದ್ರ ನಲವತ್ತು ಕಿಲೋ. ಅಷ್ಟಕ್ಕ ಏನ್ ಬೇಕೋ ಅದನ್ನ ಹಾಕು."

ಅವನು ಬಾಯಿ ತುಂಬ ನಕ್ಕ. ಸೇರಿಸಿದ್ದ ಎರಡೂ ಪಾಟಾ ಬಿಚ್ಚಿದ, ಮೊದಲಿದ್ದವುಗಳಲ್ಲೂ ಎರಡೂ ಬದಿಗೆ ಒಂದೊಂದು ತೆಗೆದ, ಮೆತ್ತನೆಯ ಶಾಕ್ ಅಬ್ಸಾರ್ಬರ್ ಕೂಡಿಸಿದ. ಆಮೇಲೆ ಯಜಮಾನರ ಮೋರೆ ನೋಡಿ ಮರುಗಿದ.

"ಕಾಕಾ, ಎತ್ತರ ಬೇಕಂದ್ರ ಪಾಟಾದ ಬುಡಕ ಒಂದು ಬ್ಲಾಕ್ ಇಡ್ತೇನಿ. ಗಾಡಿ ಏರ್ತದ, ಬಿರುಸಾಗೂದಿಲ್ಲ."

ಯಜಮಾನರ ಮುಖ ಅರಳಿತು.

"ಅಷ್ಟೆತ್ತರಕ್ಕ ಡಬ್ಬಿ ಏರಸಾಕಿ ನಾನು," ಎಂದೆ. "ಬ್ಯಾಡ."

ಹಿಂಭಾಗ ಇಳಿದದ್ದರಿಂದ ಮುಂದಿನ ಸ್ಪೇಸರ್ ತೆಗೆದರೂ ಗಾಡಿ ಸಮವಾಗಿ ನಿಂತಿತು. ಅವರು ಬಯಸಿದ್ದು ಅದನ್ನೇ ಅಲ್ಲವೇ? ಆದರೂ ಮನೆ ಮುಟ್ಟುವವರೆಗೆ ಮುಖ ಊದಿಸಿಕೊಂಡೇ ಗಾಡಿ ಓಡಿಸಿದರು.

ಭಾನುವಾರ ಬಾರಾಮತಿಯಲ್ಲಿ ಡಬ್ಬಿ ತೆರೆದ ಮುಕ್ತಾಬಾಯಿ ಬೀಗರ ಹೆಂಗಸರನ್ನೆಲ್ಲ ಕರೆದು ರೊಟ್ಟಿ ತೋರಿಸಿದರು. ಮಂಟಪದ ಹೊರಗೆ ಯಾರೋ ಲಾರಿ ಡ್ರೈವರ್ ಯಜಮಾನರನ್ನು ಏನು ಮಾಲು ತಂದಿರಿ ಎಂದು ಮರಾಠಿಯಲ್ಲಿ ಕೇಳಿದ. ನಾನು ಖಾಲಿ ಡಬ್ಬಿ ಹಿಡಿದು ಅಲ್ಲೇ ನಿಂತೆ.

ಯಜಮಾನರು ಐದಡಿ ಎರಡಿಂಚನ್ನೂ ನೆಟ್ಟಗೆ ನಿಲ್ಲಿಸಿ, ಇಡೀ ಮಂಟಪಕ್ಕೆ ಕೇಳುವಂತೆ ಮರಾಠಿಯಲ್ಲೇ ಹೇಳಿದರು: ರೊಟ್ಟಿ, ನನ್ನ ಹೆಂಡತಿ ಬಡಿದದ್ದು, ಸಾವಿರಕ್ಕೆ ಒಂದೂ ಒಡೆದಿಲ್ಲ.

ಆರು ಒಡೆದಿದ್ದವು. ಹೆಚ್ಚಿಗೆ ತಂದಿದ್ದವುಗಳಿಂದ ನಾನು ಸಾವಿರ ತುಂಬಿಸಿದ್ದೆ. ಈ ಸುಳ್ಳನ್ನು ಮಾತ್ರ ನಾನು ಹಾಗೇ ಬಿಟ್ಟೆ.